ಗುಡ್ಡದ ಹುಲ್ಲಿಗೆ ಬೇಲಿ ಹಾಕಿದವರು

ಅವರು ಹೋದ ಸುದ್ದಿಯನ್ನು ಮೈಸೂರಿನಿಂದ ಅವರ ತಂಗಿಯ ಮಗಳು ಫೋನಿನಲ್ಲಿ ತಿಳಿಸಿದಳು. ತುಂಬು ವಯಸ್ಸು. ಹೆಚ್ಚು ನರಳಲಿಲ್ಲವಂತೆ. ಕೊನೆಯ ದಿನಗಳಲ್ಲಿ ಮಾತಾಡುತ್ತಿದ್ದರೇ ಎಂದು ಕೇಳಿದೆ.

"ಮಾತೇನು, ಪ್ರಶ್ನೆ ಕೇಳ್ತಿದ್ರು ಆಂಟಿ. ಆಸ್ಪತ್ರೆ ಆಯಾನ ಪಕ್ಕದಲ್ಲಿ ಕೂರಿಸ್ಕೊಂಡು, ಇಲ್ಲಿ ಬಟ್ಟೆ ಒಗೆದ ನೀರು ಎಲ್ಲಿಗೆ ಹೋಗುತ್ತಮ್ಮ ಅಂದ್ರು. ಅವಳಿಗೆ ಗೊತ್ತಿರ್ಲಿಲ್ಲ. ಹೋಗಿ ನೋಡ್ಕೊಂಡು ಬಾ ಅಂತ ಕಳಿಸಿದ್ರು."

ಫೋನು ಇಟ್ಟ ಮೇಲೆ ಅಳು ಬರಬೇಕಿತ್ತು. ನಗು ಬಂತು. ಅಳುವೂ ಬಂತು, ಆದರೆ ಅದು ಆಮೇಲೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ನಮ್ಮ ಊರಿನವರಿಗೆ ಯಾರೆಂದು ತಿಳಿಯುವುದಿಲ್ಲ. ಅಲ್ಲಿ ಅವರನ್ನು ಮೊದಮೊದಲು ಮೇಡಮ್ಮ ಎಂದರು, ಆಮೇಲೆ ಹುಲ್ಲಮ್ಮ ಎಂದರು, ಕೊನೆಗೆ ಅದೇ ನಿಂತಿತು.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಹಂದನಕೆರೆಯಿಂದ ಒಳಗೆ ಇರುವ ಒಂದು ಹಳ್ಳಿಯ ಮಿಡ್ಲ್ ಸ್ಕೂಲಿನಲ್ಲಿ ಟೀಚರಾಗಿದ್ದೆ. ನಮ್ಮ ಯಜಮಾನರು ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಗುಮಾಸ್ತರು. ಶನಿವಾರ ಬಂದರೆ ಸೋಮವಾರದ ಮೊದಲ ಬಸ್ಸಿಗೆ ವಾಪಸ್ಸು. ಪಂಚಾಯಿತಿ ಛೇರ್ಮನ್ ರುದ್ರಪ್ಪನವರ ಹಳೇ ಮನೆಯ ಅರ್ಧದಲ್ಲಿ ನಾವು ಬಾಡಿಗೆಗಿದ್ದೆವು. ಇನ್ನರ್ಧ ಖಾಲಿ ಬಿದ್ದಿತ್ತು. ಒಂದು ಬೇಸಿಗೆಯ ಮಧ್ಯಾಹ್ನ ಆ ಅರ್ಧದ ಬಾಗಿಲಿಗೆ ತಗಡಿನ ಟ್ರಂಕು, ಸುತ್ತಿದ ಹಾಸಿಗೆ, ಒಂದು ಕಡ್ಡಿ ಮುರಿದ ಕೊಡೆ ಬಂದು ಇಳಿದವು. ಹಿಂದೆಯೇ ಅವರು. ಮೂವತ್ತು ದಾಟಿದ ಎತ್ತರದ ಹೆಂಗಸು, ಕೈಮಗ್ಗದ ಸೀರೆ, ಕಾಲಿಗೆ ಗಂಡಸರು ಹಾಕುವ ಕ್ಯಾನ್ವಾಸ್ ಬೂಟು. ಆ ಬೂಟನ್ನು ನೋಡಲೆಂದೇ ಬೀದಿಯ ಹೆಂಗಸರು ನೀರಿಗೆ ಎರಡೆರಡು ಸಲ ಹೋಗಿ ಬಂದರು.

ಬಾಡಿಗೆ ಮಾತಾಡಲು ಬಂದ ರುದ್ರಪ್ಪನವರು ಜಗುಲಿಯ ಮೇಲೆ ಕೂತು ಕೇಳಿದರು. "ಏನ್ ಕೆಲ್ಸದ ಮೇಲೆ ಬಂದಿದೀರಮ್ಮ?"

"ನಾನು ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡ್ತಿದೀನಿ. ಊರನ್ನ ಗುಡ್ಡ ಹೇಗೆ ಸಾಕುತ್ತೆ, ಗುಡ್ಡಾನ ಊರು ಹೇಗೆ ಸಾಕುತ್ತೆ, ಅದನ್ನ ನೋಡೋಕೆ ಬಂದೆ."

ರುದ್ರಪ್ಪನವರು ತಿರುಗಿ, ಊರ ಹಿಂದೆ ಬೋಳಾಗಿ ನಿಂತಿದ್ದ ಗುಡ್ಡವನ್ನು ಹುಟ್ಟಿದಾಗಿನಿಂದ ಕಂಡೇ ಇಲ್ಲವೇನೋ ಎಂಬಂತೆ ನೋಡಿದರು. "ಇದೇನ್ ಸಾಕ್ತದಮ್ಮ, ಬರೀ ಕಲ್ಲು. ಆಗ್ಲಿ, ನೀವ್ ನೋಡಿ. ನೋಡಾಕೆ ಬಾಡಿಗೆ ಇಲ್ಲ. ಮನೆಗೆ ಮಾತ್ರ."

ಅದಕ್ಕೆ ಮೇಡಮ್ಮ ಜೋರಾಗಿ ನಕ್ಕರು. ಅವರ ನಗುವಿನದೇ ಒಂದು ವಿಶೇಷ. ಬೇರೆಯವರು ಹೇಳುವ ಮಾತು ಮುಗಿಯುವ ಮೊದಲೇ ಶುರುವಾಗಿ, ಮುಗಿದು ಎಷ್ಟೋ ಹೊತ್ತಾದ ಮೇಲೆ ನಿಲ್ಲುತ್ತಿತ್ತು. ತಮ್ಮ ಮೇಲೆ ತಾವೇ ನಗುವಾಗಲಂತೂ ಗೋಡೆ ಹಿಡಿದುಕೊಳ್ಳಬೇಕಾಗುತ್ತಿತ್ತು.

ಬಂದ ಮರುದಿನವೇ ಅಂಥ ಸಂದರ್ಭ ಒದಗಿತು. ನಮ್ಮ ಕಡೆ ಅಟ್ಟವೆಂದರೆ ಕೊಬ್ಬರಿಯ ತೊಟ್ಟಿಲು. ತೆಂಗಿನಕಾಯಿಯನ್ನು ಸುಲಿಯದೆ ಅಟ್ಟದ ಮೇಲೆ ಹರಡಿ, ಒಳಗಿನ ನೀರು ಇಂಗಿ, ಕೊಬ್ಬರಿ ಕರಟ ಬಿಟ್ಟು ಗಡಗಡ ಅನ್ನುವವರೆಗೆ ವರ್ಷದ ಹತ್ತಿರ ಹಾಗೇ ಬಿಡುತ್ತಾರೆ. ಇಲಿ ಓಡಿದರೆ ಕಾಯಿ ಉರುಳುತ್ತದೆ. ಬೆಳಿಗ್ಗೆ ಎದ್ದು ಬಂದವರೇ, "ಟೀಚರ್, ನಿಮ್ಮ ಅಟ್ಟದ ಮೇಲೆ ಯಾರು ಮಲಗ್ತಾರೆ? ಪಾಪ, ಬಹಳ ಹೊರಳಾಡ್ತಾರೆ," ಅಂದರು. ವಿಷಯ ತಿಳಿದ ಮೇಲೆ ನಕ್ಕು, ಏಣಿ ಹಾಕಿಸಿಕೊಂಡು ಹತ್ತಿ, ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದರು. ಇಳಿದು ಬರುವಾಗ ಸೆರಗು ತುಂಬ ಜೇಡರ ಬಲೆ, ಬಾಯಲ್ಲಿ ಪ್ರಶ್ನೆ.

"ಇದು ಇಲ್ಲಿಂದ ಎಲ್ಲಿಗೆ ಹೋಗುತ್ತೆ?"

ಅವರ ಕೆಲಸವೆಲ್ಲ ಈ ಒಂದು ಪ್ರಶ್ನೆಯ ಮೇಲೆ ನಡೆಯುತ್ತಿತ್ತು. ಕಂಡದ್ದಕ್ಕೆಲ್ಲ, ಇದು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತೆ. ಒಲೆಯ ಬೂದಿ, ಬಚ್ಚಲ ನೀರು, ಸುಲಿದ ಮಟ್ಟೆ, ಹಸುವಿನ ಸಗಣಿ, ಯಾವುದನ್ನೂ ಬಿಡಲಿಲ್ಲ. ನಮ್ಮ ಯಜಮಾನರ ಜೊತೆ ತಿಪಟೂರಿಗೂ ಹೋಗಿ, ಮಂಡಿಯಲ್ಲಿ ಕೊಬ್ಬರಿ ಹರಾಜು ನೋಡಿ, ಲಾರಿಯ ಡ್ರೈವರನನ್ನೂ ಕೇಳಿ ಬಂದರು. ಬಂದವರು ರುದ್ರಪ್ಪನವರ ಮುಂದೆ ನಿಂತು, "ಕೊಬ್ಬರಿ ಉತ್ತರದೇಶಕ್ಕೆ ಹೋಗುತ್ತೆ, ದುಡ್ಡು ನಿಮ್ಮ ಮನೆಗೆ ಬರುತ್ತೆ. ಮರಕ್ಕೆ ಏನು ಬರುತ್ತೆ?" ಅಂದರು.

"ಮರಕ್ಕೆ ಕುರಿ ಬತ್ತವೆ ಕಣಮ್ಮ," ಅಂದರು ರುದ್ರಪ್ಪನವರು.

ಹಾಗೆ ಅವರಿಗೆ ಕುರಿಯ ಕಥೆ ಸಿಕ್ಕಿತು. ಊರಾಚೆ ಕುರಿ ಸಾಕುವವರ ಒಂದು ಹಟ್ಟಿ ಇತ್ತು. ಹಗಲು ಕುರಿಗಳು ಗುಡ್ಡದಲ್ಲಿ ಮೇಯುತ್ತಿದ್ದವು, ಸಂಜೆ ಯಾರದಾದರೂ ತೆಂಗಿನ ತೋಟದಲ್ಲಿ ಮಂದೆಯಾಗಿ ತಂಗುತ್ತಿದ್ದವು. ಅವು ಹಾಕಿದ ಹಿಕ್ಕೆಯೇ ತೋಟಕ್ಕೆ ಗೊಬ್ಬರ. ಅದಕ್ಕೆ ಪ್ರತಿಯಾಗಿ ತೋಟದವರು ಕುರಿಯವರಿಗೆ ರಾಗಿ, ಕಾಯಿ ಕೊಡುತ್ತಿದ್ದರು. ತಾತನ ಕಾಲದಿಂದ ನಡೆದು ಬಂದದ್ದು.

ಕೆಲಸ ಶುರುಮಾಡಿದ ಮೊದಲ ವಾರ ಮಾತ್ರ ಅವರನ್ನು ಕಂಡರೆ ಗಂಡಸರು ಮಾಯವಾಗುತ್ತಿದ್ದರು. ಅದು ತುರ್ತು ಪರಿಸ್ಥಿತಿಯ ಕಾಲ. ಹೆಗಲಿಗೆ ಚೀಲ ಹಾಕಿಕೊಂಡು ಬಂದು "ಮನೇಲಿ ಎಷ್ಟು ಜನ? ಮಕ್ಕಳೆಷ್ಟು?" ಎಂದು ಕೇಳಿದರೆ ಅದು ಮಕ್ಕಳಾಗದ ಹಾಗೆ ಮಾಡುವ ಆಪರೇಷನ್ನಿಗೆ ಹಿಡಿದುಕೊಂಡು ಹೋಗುವವರಲ್ಲದೆ ಇನ್ಯಾರು? ಕಾಯಿ ಕೀಳುವ ರಂಗಪ್ಪ ಅವರನ್ನು ದೂರದಿಂದಲೇ ಕಂಡು ತೆಂಗಿನ ಮರ ಹತ್ತಿಬಿಟ್ಟ. ಅವರು ಮರದ ಬುಡದಲ್ಲಿ ಕೂತರು. ಅವನು ಇಳಿಯಲಿಲ್ಲ, ಇವರು ಏಳಲಿಲ್ಲ. ಕೊನೆಗೆ ಡಬ್ಬಿ ಬಿಚ್ಚಿ ಊಟ ಮಾಡುತ್ತಲೇ ಮೇಲಕ್ಕೆ ಮುಖ ಮಾಡಿ, "ಅಲ್ಲಿಂದ ಗುಡ್ಡ ಹೆಂಗೆ ಕಾಣ್ಸುತ್ತಪ್ಪ?" ಎಂದರು. ಮಕ್ಕಳೆಷ್ಟು ಎಂಬ ಪ್ರಶ್ನೆ ಅಲ್ಲವೆಂದು ಅವನಿಗೆ ಸ್ವಲ್ಪ ಧೈರ್ಯ ಬಂತು. ಮರದ ಮೇಲಿಂದಲೇ ಗುಡ್ಡದ ಕೊರಕಲು, ನೀರು ಹರಿಯುವ ದಾರಿ, ಕುರಿಗಳ ಜಾಡು ಎಲ್ಲ ಕೂಗಿ ಕೂಗಿ ಹೇಳಿದ. ಸಂಜೆಯೊಳಗೆ ಊರಿಗೆಲ್ಲ ಸುದ್ದಿ: "ಅವಮ್ಮಂಗೆ ಮಕ್ಕಳು ಬೇಡ ಕಣ್ಲಾ, ಗುಡ್ಡ ಬೇಕಂತೆ."

ಮುದ್ದೆ ನುಂಗುವುದು ಅವರಿಗೆ ಕೊನೆಯವರೆಗೂ ಬರಲಿಲ್ಲ, ಅಗಿಯುತ್ತಿದ್ದರು. ನಮ್ಮ ಮಾತು ಕಲಿಯಲು ಬಹಳ ಆಸೆ. "ಬುಡು" ಅನ್ನುವುದನ್ನು ಕಲಿತು, ಎಲ್ಲಿ ಬೇಕೆಂದರಲ್ಲಿ ಹಾಕುತ್ತಿದ್ದರು. ಒಮ್ಮೆ ನಮ್ಮ ಹೆಡ್‌ಮಾಸ್ಟರಿಗೇ "ಆಯ್ತು ಬುಡು ಸಾರ್" ಅಂದುಬಿಟ್ಟರು. ಮುಂಗೋಪಿಯಾದ ಅವರೂ ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಹಟ್ಟಿಯಲ್ಲಿ ಅವರಿಗೆ ಹತ್ತಿರವಾದವರು ಕೆಂಚಪ್ಪ ಮತ್ತು ಅವನ ಹೆಂಡತಿ ಸಿದ್ದಮ್ಮ. ಆ ದಂಪತಿಯ ಮಂದೆಯ ಹಿಂದೆ ಮೇಡಮ್ಮ ಬೆಳಿಗ್ಗೆ ಹೊರಟರೆ ಇಳಿಹೊತ್ತಿಗೆ ಬರುತ್ತಿದ್ದರು. ಮಂದೆಯಲ್ಲಿ ನಾಲ್ಕಾರು ಮೇಕೆಗಳೂ ಇದ್ದವು. ಸಿದ್ದಮ್ಮ ಅಲ್ಲೇ ಹಾಲು ಕರೆದು, ಬಿಸಿ ಮಾಡಿ, ಬೆಲ್ಲ ಹಾಕಿ ಕೊಡುತ್ತಿದ್ದಳು. "ಮೈಸೂರಲ್ಲಿ ಕಾಫಿ ಬಿಟ್ಟು ಬಂದೆ, ಇಲ್ಲಿ ಇದನ್ನ ಬಿಟ್ಟು ಹೋಗೋದು ಹೇಗೋ," ಎಂದು ನನ್ನ ಹತ್ತಿರ ಹೇಳುತ್ತಿದ್ದರು.

ಆದರೂ ಅವರ ಮನಸ್ಸಿನಲ್ಲಿ ಒಂದು ಮುಳ್ಳು ಇತ್ತು. ಒಂದು ದಿನ ನಮ್ಮ ಹಿತ್ತಲಲ್ಲಿ ಹುಣಸೆಹಣ್ಣು ಬಿಡಿಸುತ್ತಾ ಹೇಳಿದರು. "ಕುರಿ ಗುಡ್ಡಾನ ತಿಂದು ತೋಟಕ್ಕೆ ಹಾಕುತ್ತೆ, ಅಲ್ವಾ ಟೀಚರ್? ತೋಟಕ್ಕೆ ಸರಿ. ಗುಡ್ಡಕ್ಕೆ ಯಾರು ಹಾಕ್ತಾರೆ? ಅದಕ್ಕೇ ಅದು ಬೋಳಾಗಿರೋದು."

ಅವರಿಗೆ ಮಾರ್ಗದರ್ಶನ ಮಾಡುತ್ತಿದ್ದ ಪ್ರೊಫೆಸರರ ಅಭಿಪ್ರಾಯವೂ ಅದೇ ಆಗಿತ್ತಂತೆ. ಅದನ್ನು ಕಣ್ಣಾರೆ ನೋಡಬೇಕೆಂದು ಮುಂಗಾರಿಗೆ ಮೊದಲು, ಛೇರ್ಮನ್ನರ ಒಪ್ಪಿಗೆ ಪಡೆದು, ಗುಡ್ಡದ ಓರೆಯಲ್ಲಿ ಒಂದು ಒಕ್ಕಣೆಯ ಕಣದಷ್ಟು ಜಾಗಕ್ಕೆ ಜಾಲಿಮುಳ್ಳಿನ ಬೇಲಿ ಹಾಕಿಸಿದರು. ಬೆಳೆಗೆ ಬೇಲಿ ಹಾಕುವುದನ್ನು ಊರು ಕಂಡಿತ್ತು. ಬರೀ ಹುಲ್ಲಿಗೆ ಬೇಲಿ ಹಾಕಿದವರು ಇವರೇ ಮೊದಲಿಗರು. ಹುಲ್ಲಮ್ಮ ಎಂಬ ಹೆಸರು ಬಿದ್ದದ್ದು ಆಗ. ಕೆಂಚಪ್ಪ ದಿನಾ ಮಂದೆ ಹೊಡೆದುಕೊಂಡು ಹೋಗುವಾಗ, "ಏನಮ್ಮ, ಎದ್ದಾವಾ ನಿಮ್ ಕೂಸುಗಳು?" ಎಂದು ಬೇಲಿಯೊಳಗೆ ಇಣುಕುತ್ತಿದ್ದ. ಇವರು ಹುಲ್ಲಿನ ನಡುವೆ ಕುಕ್ಕರಗಾಲಲ್ಲಿ ಕೂತು, ಮುರಿದ ಕೊಡೆಯನ್ನು ಹೆಗಲಿಗಾನಿಸಿಕೊಂಡು, "ಇನ್ನೂ ಮಲಗವೆ ಕಣಪ್ಪ, ಮೆಲ್ಲಗೆ ಮಾತಾಡು," ಅನ್ನುತ್ತಿದ್ದರು.

ಆ ವರ್ಷ ಮಳೆ ಚೆನ್ನಾಗಿ ಬಂತು. ಬೇಲಿಯ ಹೊರಗೆ ಹುಲ್ಲು ಹಿಮ್ಮಡಿಗೆ ಬರುತ್ತಿದ್ದರೆ ಒಳಗೆ ಮಂಡಿಗೆ ಬಂದಿತ್ತು. ನೋಡಿದವರೆಲ್ಲ ಮೂಗಿನ ಮೇಲೆ ಬೆರಳಿಟ್ಟರು.

ಸ್ವಾತಂತ್ರ್ಯ ದಿನಾಚರಣೆಗೆ ನಮ್ಮ ಶಾಲೆಯಲ್ಲಿ ಎರಡು ಮಾತಾಡಲು ಅವರನ್ನು ಕರೆದೆವು. ಅವರಿಗೆ ಸಂತೋಷ ಉಕ್ಕುತ್ತಿತ್ತು. ಮಕ್ಕಳಿಗೆ ಗುಡ್ಡ ತೋರಿಸಿ, "ನೋಡಿ, ಆ ಬೇಲಿಯೊಳಗೆ ಎಷ್ಟು ಹಸಿರಾಗಿದೆ! ಕುರಿ ಬಿಡದೇ ಇದ್ದರೆ ಇಡೀ ಗುಡ್ಡ ಹಾಗೇ ಆಗುತ್ತೆ," ಎಂದರು. ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಮುಂದಿನ ಬೆಂಚಿನಲ್ಲಿದ್ದ ರುದ್ರಪ್ಪನವರು.

ರುದ್ರಪ್ಪನವರು ಕೆಟ್ಟವರಲ್ಲ. ಗುಡ್ಡದ ನೀರಿನಿಂದಲೇ ಊರ ಕೆರೆ ತುಂಬಬೇಕು. ಬೋಳು ಗುಡ್ಡದಿಂದ ನೀರಿನ ಜೊತೆ ಮಣ್ಣೂ ಬಂದು ಕೆರೆ ತುಂಬುತ್ತಿದೆಯೆಂಬ ಚಿಂತೆ ಅವರಿಗೆ ನಿಜವಾಗಿಯೂ ಇತ್ತು. ಜೊತೆಗೆ ಹಿಂದಿನ ವರ್ಷ ಅವರು ನೆಟ್ಟಿದ್ದ ತೆಂಗಿನ ಸಸಿಗಳನ್ನು ಕುರಿಗಳು ಮೇಯ್ದಿದ್ದವು. ವಾರ ಕಳೆಯುವುದರಲ್ಲಿ ಪಂಚಾಯಿತಿ ಸೇರಿಸಿದರು. ತಮಟೆ ಹೊಡೆಸಿ ಸಾರಿಸಿದರು. ಇನ್ನು ಮೇಲೆ ಗುಡ್ಡಕ್ಕೆ ಯಾರೂ ಕುರಿ ಹತ್ತಿಸಕೂಡದು. ಯಾಕೆಂದು ಕೇಳಿದವರಿಗೆ ಒಂದೇ ಉತ್ತರ: "ಓದಿದೋರೇ ಹೇಳವ್ರೆ."

ಇವರು ರುದ್ರಪ್ಪನವರ ಮನೆಗೆ ಓಡಿದರು. ನಾನೂ ಜೊತೆಗೆ ಹೋದೆ.

"ರುದ್ರಪ್ಪನವರೇ, ನಾನು ಹೇಳಿದ್ದು ಆ ತುಂಡು ಜಾಗದ ಮಾತು. ಅದೂ ಇನ್ನೂ ನೋಡ್ತಿದೀನಿ ಅಷ್ಟೆ."

"ಇಡೀ ಗುಡ್ಡ ಹಂಗೇ ಆಯ್ತದೆ ಅಂತ ನೀವೇ ಅಲ್ವೇನಮ್ಮ ಅಂದಿದ್ದು? ಮಕ್ಕಳ ಮುಂದೆ ಸುಳ್ಳು ಹೇಳಿದ್ರಾ?"

ಇವರು ಬಂದ ದಾರಿ ಹಿಡಿದರು. ನಿಜ ಹೇಳಬೇಕೆಂದರೆ ಆಗ ಅವರೂ ಆ ಮಾತನ್ನು ಮುಕ್ಕಾಲು ನಂಬಿದ್ದರು.

ಹಗಲು ಮೇಯಲು ಗುಡ್ಡವಿಲ್ಲದೆ ಕುರಿ ಬದುಕುವುದು ಹೇಗೆ? ಹಟ್ಟಿಯ ಮಂದೆಗಳೆಲ್ಲ ಹುಳಿಯಾರಿನ ಆಚೆ, ಹೊಸದುರ್ಗದ ಕಡೆಗೆ ಹೊರಟವು. ಹೊರಡುವ ಬೆಳಿಗ್ಗೆ ಸಿದ್ದಮ್ಮ ನಮ್ಮ ಬಾಗಿಲಿಗೆ ಬಂದಳು. ಒಳಗೆ ಕರೆದರೂ ಬರಲಿಲ್ಲ. ಅವರನ್ನೇ ನೋಡುತ್ತಾ, "ನಮ್ ಮಂದೇಲಿ ಹಾಲು ಕುಡ್ದೋಳು ಕಣವ್ವ ನೀನು," ಅಂದಳು. ಬೈಯಲಿಲ್ಲ. ಅಷ್ಟು ಹೇಳಿ, ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಟುಹೋದಳು. ಅವತ್ತು ನಗದೇ ಇದ್ದ ಅವರ ಮುಖವನ್ನು ನಾನು ಮೊದಲ ಸಲ ನೋಡಿದೆ.

ದೀಪಾವಳಿಯ ಹೊತ್ತಿಗೆ ಗುಡ್ಡ ನೋಡುವ ಹಾಗಿತ್ತು. ಹುಲ್ಲು ಎದೆಯುದ್ದ ಬೆಳೆದು, ತೆನೆ ಬಿಟ್ಟು, ಗಾಳಿಗೆ ಅಲೆ ಅಲೆಯಾಗಿ ಬಾಗುತ್ತಿತ್ತು. ಬಸ್ಸಿನಲ್ಲಿ ಹೋಗುವವರು ಇದ್ಯಾವ ಊರೆಂದು ಕೇಳುತ್ತಿದ್ದರು. ರುದ್ರಪ್ಪನವರು ನೆಂಟರನ್ನು ಕರೆತಂದು ತೋರಿಸಿದರು. ತೋಟಕ್ಕೆ ಮಂದೆ ಬರಲಿಲ್ಲವಾದ್ದರಿಂದ ತಿಪಟೂರಿನಿಂದ ಚೀಲದ ಗೊಬ್ಬರ ತರಿಸಿ ಹಾಕಿಸಿದರು. ಇವರು ತಮ್ಮ ಪ್ರಬಂಧದಲ್ಲಿ ಗುಡ್ಡದ ಅಧ್ಯಾಯ ಬರೆದು ಪ್ರೊಫೆಸರರಿಗೆ ಕಳಿಸಿದರು. ಅವರು ಬಹಳ ಮೆಚ್ಚಿಕೊಂಡರಂತೆ. ಆದರೂ ಇವರು ಸಂಜೆ ಜಗುಲಿಯ ಮೇಲೆ ಕೂತಾಗ ಹಟ್ಟಿಯ ಕಡೆಗೇ ನೋಡುತ್ತಿದ್ದರು. ಅಲ್ಲಿ ಮುದುಕರು, ಮಕ್ಕಳು ಬಿಟ್ಟರೆ ಯಾರೂ ಇರಲಿಲ್ಲ.

ಶಿವರಾತ್ರಿ ಕಳೆದು ಬಿಸಿಲು ಏರಿತು. ಹುಲ್ಲು ಒಣಗಿ ಬಂಗಾರದ ಬಣ್ಣಕ್ಕೆ ಬಂತು. ಒಂದು ಮಧ್ಯಾಹ್ನ ನಾನು ಆರನೇ ಕ್ಲಾಸಿಗೆ ಲೆಕ್ಕ ಹೇಳಿಕೊಡುತ್ತಿದ್ದಾಗ ಹೊರಗೆ ಕೂಗು ಎದ್ದಿತು. ಗುಡ್ಡದ ನೆತ್ತಿಯಿಂದ ಹೊಗೆ. ದಾರಿಹೋಕರು ಯಾರೋ ಬೀಡಿ ಸೇದಿ ಎಸೆದಿದ್ದಿರಬೇಕು, ಯಾರೆಂದು ಇವತ್ತಿಗೂ ಗೊತ್ತಿಲ್ಲ. ನಾವು ನೋಡುತ್ತಿದ್ದ ಹಾಗೆಯೇ ಹೊಗೆಯ ಕೆಳಗೆ ಕೆಂಪು ಗೆರೆ ಮೂಡಿ, ಗಾಳಿಯ ಜೊತೆ ಇಳಿಜಾರಿನಲ್ಲಿ ಹರಡತೊಡಗಿತು. ಕೆಳಗೆ ಸಾಲಾಗಿ ತೆಂಗಿನ ತೋಟಗಳು. ಗುಡ್ಡಕ್ಕೆ ತಗುಲಿಕೊಂಡಿದ್ದುದು ರುದ್ರಪ್ಪನವರದು. ಅದರ ಮೂಲೆಯಲ್ಲಿ ಕಾಯಿ ಸುಲಿದ ಮಟ್ಟೆಯ ದೊಡ್ಡ ರಾಶಿ.

ಹೆಡ್‌ಮಾಸ್ಟರು ಮಕ್ಕಳನ್ನು ದೇವಸ್ಥಾನದ ಅಂಗಳಕ್ಕೆ ಕರೆದುಕೊಂಡು ಹೋದರು. ನಾನು ತೋಟಕ್ಕೆ ಓಡಿದೆ. ಊರಿಗೆ ಊರೇ ಅಲ್ಲಿತ್ತು. ಗಂಡಸರು ಹೊಂಗೆಯ ಹಸಿ ಕೊಂಬೆ ಮುರಿದು ಬೆಂಕಿಯನ್ನು ಬಡಿಯುತ್ತಿದ್ದರು. ನಾವು ಹೆಂಗಸರು ಪಂಪ್‌ಸೆಟ್ಟಿನ ತೊಟ್ಟಿಯಿಂದ ಕೊಡ ತುಂಬಿ ಕೈಯಿಂದ ಕೈಗೆ ದಾಟಿಸಿದೆವು. ಇವರು ಸೀರೆಯನ್ನು ಕಚ್ಚೆಯಂತೆ ಎಳೆದು ಕಟ್ಟಿ, ಗಂಡಸರ ಸಾಲಿನಲ್ಲೇ ನಿಂತು, ಕೆಮ್ಮುತ್ತಾ ಬಡಿಯುತ್ತಿದ್ದರು. ಒಮ್ಮೆ ಬೆಂಕಿ ತೋಟದ ಬೇಲಿ ದಾಟಿ ಮಟ್ಟೆಯ ರಾಶಿಗೆ ಬಾಯಿ ಹಾಕಿಯೇಬಿಟ್ಟಿತು. ರುದ್ರಪ್ಪನವರು ಪಂಚೆ ಎತ್ತಿ ಕಟ್ಟಿ ಸ್ವತಃ ಗುದ್ದಲಿ ಹಿಡಿದು ಮಟ್ಟೆಯನ್ನು ಎಳೆದು ಹಾಕಿದರು. ಬಿಸಿಲು ತಗ್ಗುವ ಹೊತ್ತಿಗೆ ಬೆಂಕಿ ಸತ್ತಿತು. ತೋಟದ ಮೇಲಿನ ಸಾಲಿನ ಎಳೆಯ ಮರಗಳು ಗರಿ ಸುಟ್ಟು ನಿಂತಿದ್ದವು. ಜನಕ್ಕೆ, ದನಕ್ಕೆ ಏನೂ ಆಗಲಿಲ್ಲ. ಗುಡ್ಡ ಮಾತ್ರ ತಲೆಯಿಂದ ಕಾಲಿನವರೆಗೆ ಕರ್ರಗೆ.

ಅವರನ್ನು ಹುಡುಕಿಕೊಂಡು ಹೋದೆ. ತಮ್ಮ ಬೇಲಿ ಇದ್ದ ಜಾಗದಲ್ಲಿ ಬೂದಿಯ ಮೇಲೆ ಕೂತಿದ್ದರು. ಮುಖವೆಲ್ಲ ಮಸಿ. ಬೂಟಿನ ಅಡಿ ಕರಗಿ ಹೋಗಿತ್ತು.

"ಟೀಚರ್, ಕಂಡದ್ದನ್ನೆಲ್ಲ ಎಲ್ಲಿಗೆ ಹೋಗುತ್ತೆ ಅಂತ ಕೇಳಿದೆ. ಈ ಹುಲ್ಲು ಎಲ್ಲಿಗೆ ಹೋಗುತ್ತೆ ಅಂತ ಮಾತ್ರ ಕೇಳಲಿಲ್ಲ ನೋಡಿ. ಕುರಿ ಹೊಟ್ಟೆಗೆ ಹೋಗಬೇಕಾಗಿದ್ದು. ಅದು ತಪ್ಪಿದರೆ ಬೆಂಕಿಗೆ ಹೋಗದೆ ಇನ್ನೆಲ್ಲಿಗೆ ಹೋಗುತ್ತೆ?"

"ಬೀಡಿ ಎಸೆದವನು ಯಾರೋ. ನಿಮ್ಮದೇನು ತಪ್ಪು?" ಅಂದೆ.

"ಅವನು ಬೀಡಿ ಎಸೆದ. ಒಲೆಗೆ ಸೌದೆ ಜೋಡಿಸಿಟ್ಟವಳು ನಾನು," ಎಂದು ಎದ್ದು, ಬೂದಿ ಕೊಡವಿಕೊಂಡರು.

ಮರುದಿನ ಬೆಳಿಗ್ಗೆ ಅರಳಿಕಟ್ಟೆಯ ಹತ್ತಿರ ಜನ ಸೇರಿದ್ದರು. ಇವರು ಕಟ್ಟೆಯ ಮೇಲೆ ಹತ್ತದೆ ಕೆಳಗೆ ನಿಂತೇ ಮಾತಾಡಿದರು. "ಕುರಿ ಬಿಡದಿದ್ದರೆ ಗುಡ್ಡಕ್ಕೆ ಒಳ್ಳೇದು ಅಂತ ಶಾಲೆಯಲ್ಲಿ ಹೇಳಿದ್ದೆ. ಅದು ತಪ್ಪು. ಪೂರ್ತಿ ತಪ್ಪಲ್ಲ, ಅರ್ಧ ತಪ್ಪು. ಆದರೆ ಅರ್ಧ ತಪ್ಪಿಗೇ ನಿನ್ನೆ ಇಷ್ಟಾಯ್ತು. ನನ್ನ ಮಾತು ನಂಬಿ ನೀವು ಕುರಿಯವರನ್ನ ಕಳಿಸಿದ್ರಿ. ಅವರು ವಾಪಸ್ ಬರಬೇಕು."

ಕಟ್ಟೆಯ ಮೇಲಿದ್ದ ರುದ್ರಪ್ಪನವರ ಹುಬ್ಬು ಅರ್ಧ ಸುಟ್ಟಿತ್ತು. ಅವರು ಬೇಸರದಿಂದಲೇ ಕೇಳಿದರು. "ಅಲ್ಲಮ್ಮ, ಓದಿದೋರೇ ಹೋದೊರ್ಸ ಒಂದು, ಈ ವರ್ಸ ಒಂದು ಮಾತಾಡಿದ್ರೆ ನಾವು ಯಾವುದ್ನ ನಂಬದು?"

"ಈಗ ಹೇಳಿದ್ದನ್ನ ನಂಬಿ. ಆಗ ಬರೀ ಮಳೆಗಾಲ ನೋಡಿ ಹೇಳಿದ್ದೆ. ಈಗ ಬೇಸಿಗೇನೂ ನೋಡಿದೀನಿ. ಮುಂದೆ ಇನ್ನೇನಾದ್ರೂ ಕಂಡ್ರೆ, ಇಲ್ಲೇ ಬಂದು ನಿಂತು ಅದನ್ನೂ ಹೇಳ್ತೀನಿ."

ಹಿಂದಿನಿಂದ ಕಾಯಿ ಕೀಳುವ ರಂಗಪ್ಪನ ದನಿ ಬಂತು. "ಸರ್ಯಾಗೇ ಹೇಳ್ತಾವ್ರೆ ಬುಡಿ ಯಜಮಾನ್ರೆ." ಜನ ನಕ್ಕರು. ಆ ನಗುವಿನಲ್ಲಿ ಸಭೆ ಅರ್ಧ ಗೆದ್ದಂತಾಯಿತು. ರುದ್ರಪ್ಪನವರು ಎದ್ದು ಟವಲು ಕೊಡವಿದರು. "ಬಂದ್ರೆ ಬರ್ಲಿ. ಬ್ಯಾಡ ಅನ್ನಕಿಲ್ಲ. ಆದ್ರೆ ನಾನ್ ಕರೆಯಾಕೆ ಹೋಗಕಿಲ್ಲ."

"ನಾನು ಹೋಗ್ತೀನಿ," ಅಂದರು ಇವರು.

ಪ್ರೊಫೆಸರರು ಆ ಅಧ್ಯಾಯವನ್ನು ಬದಲಿಸುವುದು ಬೇಡ, ಬೆಂಕಿ ಎಲ್ಲ ಕಡೆಯೂ ಬೀಳುತ್ತದೆ ಎಂದರಂತೆ. ಇವರು ಕೇಳಲಿಲ್ಲ. ಪೂರ್ತಿ ಹೊಸದಾಗಿ ಬರೆದರು. ಡಾಕ್ಟರೇಟು ಬರುವುದು ವರ್ಷಗಟ್ಟಲೆ ತಡವಾಯಿತು, ಜೊತೆಯವರು ಮುಂದೆ ಹೋದರು. ಅದನ್ನು ಹೇಳಿಕೊಂಡು ಕೊರಗಿದ್ದನ್ನು ನಾನು ಕೇಳಿಲ್ಲ. ಎಂಬತ್ತರ ದಶಕದಲ್ಲಿ ತಮ್ಮ ವಿದ್ಯಾರ್ಥಿಗಳನ್ನು ಬಸ್ಸು ತುಂಬ ಕರೆತಂದು ಸುಟ್ಟ ಮಟ್ಟೆಯ ಜಾಗ ತೋರಿಸಿ, "ಇಲ್ಲಿ ನಾನು ಪಾಠ ಕಲಿತೆ, ಫೀಸು ರುದ್ರಪ್ಪನವರು ಕಟ್ಟಿದರು," ಎಂದು ನಗುತ್ತಿದ್ದರು. ಆ ಹುಡುಗ ಹುಡುಗಿಯರಿಗೆಲ್ಲ ನಮ್ಮ ಮನೆಯಲ್ಲೇ ಮುದ್ದೆ ಊಟ.

ಅದೆಲ್ಲ ಮುಂದಿನ ಮಾತು. ಆಗ ನನಗೆ ಬೇಸಿಗೆ ರಜೆ ಬರುವವರೆಗೆ ಕಾದು, ನನ್ನನ್ನೂ ಹೊರಡಿಸಿದರು. ಚಿಕ್ಕನಾಯಕನಹಳ್ಳಿಗೆ ಹೋಗಿ, ಹುಳಿಯಾರಿನ ಬಸ್ಸು ಹಿಡಿದು, ಅಲ್ಲಿಂದ ಹೊಸದುರ್ಗದ ದಾರಿಯಲ್ಲಿ ಇಳಿದು ಕಂಡ ಕಂಡ ಕುರಿಯವರನ್ನು ವಿಚಾರಿಸುತ್ತಾ ಹೋದೆವು. ಒಂದು ಒಣಕೆರೆಯ ಅಂಗಳದಲ್ಲಿ ಕೆಂಚಪ್ಪನ ಮಂದೆ ಸಿಕ್ಕಿತು. ಕುರಿಗಳು ಸೊರಗಿದ್ದವು. ಕೆಂಚಪ್ಪ ನಮ್ಮನ್ನು ಕಂಡು ಎದ್ದುನಿಂತ. ಸಿದ್ದಮ್ಮ ಏಳಲಿಲ್ಲ. ಕಲ್ಲೊಲೆಗೆ ಸೌದೆ ತುರುಕುತ್ತಾ ಕೂತೇ ಇದ್ದಳು.

ದಾರಿಯುದ್ದಕ್ಕೂ ಇವರು ಏನು ಹೇಳಬೇಕೆಂದು ಬಾಯಿಪಾಠ ಮಾಡುತ್ತಾ ಬಂದಿದ್ದರು. ಮಳೆ, ಹುಲ್ಲು, ಪ್ರೊಫೆಸರು, ಪಂಚಾಯಿತಿ ಎಲ್ಲ ಇತ್ತು ಅದರಲ್ಲಿ. ಅಲ್ಲಿ 'ಸಿದ್ದಮ್ಮ' ಎಂದವರಿಗೆ ಮುಂದಿನದೆಲ್ಲ ಮರೆತುಹೋಯಿತು. "ತಪ್ಪಾಯ್ತು ಕಣಮ್ಮ," ಅಂದರು. ಅಷ್ಟೇ.

ಸಿದ್ದಮ್ಮ ಮುಖ ಎತ್ತಿ ಅವರನ್ನು ಒಂದು ಗಳಿಗೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. "ಕೇಳಿದ್ರಾ ಟೀಚರಮ್ಮ? ನಾನು ಹುಟ್ಟಿದಾಗ್ಲಿಂದ ನಂಗೆ ಯಾರೂ ತಪ್ಪಾಯ್ತು ಅಂದಿರ್ನಿಲ್ಲ. ನಮ್ಮಪ್ಪ ಅಂದಿಲ್ಲ, ನಮ್ಮತ್ತೆ ಅಂದಿಲ್ಲ. ಇಗೋ, ಇವ್ನಂತೂ ಅಂದೇ ಇಲ್ಲ."

ಕೆಂಚಪ್ಪ ಗಾಬರಿಯಾದ. "ನಾನೇನ್ ಮಾಡ್ದೆನೇ ಮಧ್ಯದಲ್ಲಿ?"

"ಕೂತ್ಕ, ಹೇಳ್ತೀನಿ."

ಹೇಳಿದಳು. ಮದುವೆಯ ವರ್ಷದಿಂದ ಶುರುಮಾಡಿ ಒಂದೊಂದೇ ಹೇಳಿದಳು. ಕೆಂಚಪ್ಪ ತಲೆ ತಗ್ಗಿಸಿಕೊಂಡು ಕೂತ. ಇವರು ಮೊದಲು ಕಣ್ಣೊರೆಸಿಕೊಳ್ಳುತ್ತಿದ್ದವರು, ಆಮೇಲೆ ನನ್ನ ಭುಜ ಹಿಡಿದುಕೊಂಡು ನಗತೊಡಗಿದರು. ಸಿದ್ದಮ್ಮನೂ ನಕ್ಕಳು. ನಗುತ್ತಲೇ ಎದ್ದು ಮೇಕೆಯನ್ನು ಹಿಡಿದು ಹಾಲು ಕರೆಯಲು ಕೂತಳು.

ಮಾತುಕತೆ ಅಲ್ಲೇ ನಡೆಯಿತು. ಮಳೆಗಾಲದಲ್ಲಿ, ಹುಲ್ಲು ತೆನೆ ಬಿಟ್ಟು ಬೀಜ ಉದುರುವ ತನಕ, ಗುಡ್ಡದ ನೆತ್ತಿಗೆ ಮಂದೆ ಹತ್ತಿಸುವುದು ಬೇಡ ಎಂದು ಇವರು ಕೇಳಿಕೊಂಡರು. ಕೆಂಚಪ್ಪ ಒಪ್ಪಿದ. ಮಳೆಯಲ್ಲಿ ಅಲ್ಲಿ ಕುರಿಗಳಿಗೆ ಕಾಲು ಕೊಳೆಯುತ್ತದೆ, ಅವನಿಗೂ ಬೇಕಿರಲಿಲ್ಲ. ಸುಗ್ಗಿಯ ಮೇಲೆ ಗುಡ್ಡವೆಲ್ಲ ಮಂದೆಗೆ. ತೆಂಗಿನ ಸಸಿ ನೆಟ್ಟವರು ಸಸಿಗೆ ಬೇಲಿ ಹಾಕಿಕೊಳ್ಳಬೇಕು ಎಂದು ಸಿದ್ದಮ್ಮ ಸೇರಿಸಿದಳು. "ಹುಲ್ಲಿಗೇ ಹಾಕ್ದೋಳು ನೀನು, ಸಸಿಗೆ ಹಾಕೋದು ಹೇಳ್ಕೊಡು ಅವ್ರಿಗೆ," ಅಂದಳು.

ಮಂದೆಯ ಜೊತೆ ದಿನಗಟ್ಟಲೆ ನಡೆದೇ ಊರಿಗೆ ಬಂದೆವು. ನನ್ನ ಕಾಲಿನಲ್ಲಿ ಬೊಬ್ಬೆ ಎದ್ದಿತ್ತು. ಅವರು ಹೊಸ ಬೂಟು ಕೊಂಡಿರಲಿಲ್ಲ, ಸಿದ್ದಮ್ಮ ಕೊಟ್ಟ ಟೈರಿನ ಚಪ್ಪಲಿಯಲ್ಲೇ ಬಂದರು. ಕೊನೆಯ ದಿನ ಇಳಿಹೊತ್ತಿಗೆ ಕೆರೆಯ ಏರಿ ಹತ್ತಿದಾಗ ಆ ತುದಿಯಲ್ಲಿ ರುದ್ರಪ್ಪನವರು ನಿಂತಿದ್ದರು. ಹಿಂದೆ ತೋಟದವರು ಐದಾರು ಜನ. ಮುಂದಿನ ಕುರಿಗಳು ನಿಂತವು. ಏರಿಯ ಮೇಲೆ ದಾರಿ ಇಕ್ಕಟ್ಟು, ಅವರು ಸರಿಯದೆ ಮಂದೆ ಹೋಗುವಂತಿರಲಿಲ್ಲ.

"ಬಂದೇನ್ಲಾ ಕೆಂಚ?" ಅಂದರು ರುದ್ರಪ್ಪನವರು.

"ಬಂದೆ ಸ್ವಾಮಿ."

"ಮೊದ್ಲು ನಮ್ ತೋಟಕ್ಕೆ ಇಳಿಸು. ಮರ ಸುಟ್ಟವೆ, ಗೊಬ್ಬರ ಬೇಕು."

ಕೆಂಚಪ್ಪ ಆಗಲಿ ಎಂದು ಕೋಲು ಎತ್ತಿದ. ಸಿದ್ದಮ್ಮ ಕೋಲಿಗೆ ಕೈ ಅಡ್ಡ ಹಿಡಿದಳು. "ತಾಳು. ಈ ಅಮ್ಮ ಅಷ್ಟು ದೂರ ಬಂದು ಒಂದು ಮಾತು ಅಂದ್ಲು. ತಮಟೆ ಹೊಡೆಸ್ದೋರು ಅವ್ರಲ್ಲ. ಹೊಡೆಸ್ದೋರೂ ಆ ಮಾತು ಅನ್ಲಿ. ಆಮ್ಯಾಕೆ ತೋಟ."

ಛೇರ್ಮನ್ನರಿಗೆ ಎದುರಾಗಿ ಹಟ್ಟಿಯ ಹೆಂಗಸು ಹಾಗೆ ಮಾತಾಡಿದ್ದನ್ನು ಊರು ಕಂಡಿರಲಿಲ್ಲ. ರುದ್ರಪ್ಪನವರ ಕಿವಿ ಕೆಂಪಾಯಿತು. ಇವರು ಏನೋ ಹೇಳಲು ಬಾಯಿ ತೆರೆದರು. ನಾನು ಸೆರಗು ಜಗ್ಗಿದೆ, ಸುಮ್ಮನಾದರು. ರುದ್ರಪ್ಪನವರು ಕೆರೆ ನೋಡಿದರು, ಗುಡ್ಡ ನೋಡಿದರು, ಸುಟ್ಟ ಗರಿಯ ಮರಗಳನ್ನು ನೋಡಿದರು. ಹಿಂದಿನ ಕುರಿಗಳು ನೂಕಿದ್ದರಿಂದ ಒಂದು ಮರಿ ಜಾರಿ ಬಂದು ಅವರ ಪಂಚೆಗೆ ಮುಖ ಒರೆಸಿಕೊಂಡು ಕಾಲಿಗೆ ಆತು ನಿಂತಿತು. ಅವರು ಬಗ್ಗಿ ಅದನ್ನು ಎತ್ತಿಕೊಂಡರು.

"ಆಯ್ತು ನಡಿ ತಾಯಿ, ತಪ್ಪಾಯ್ತು," ಅಂದರು. ಹೇಳಿದ್ದು ಮರಿಗೋ ಸಿದ್ದಮ್ಮನಿಗೋ ತಿಳಿಯದ ಹಾಗೆ ಹೇಳಿದರು. ಆದರೆ ಎಲ್ಲರಿಗೂ ಕೇಳಿಸುವಷ್ಟು ಜೋರಾಗಿಯೇ ಹೇಳಿದರು.

ಸಿದ್ದಮ್ಮ ಕೋಲು ಬಿಟ್ಟಳು. ರುದ್ರಪ್ಪನವರು ಮರಿಯನ್ನು ಎತ್ತಿಕೊಂಡೇ ಮುಂದೆ ಮುಂದೆ ನಡೆದರು. ಮಂದೆ ಅವರ ಹಿಂದೆ ಏರಿ ಇಳಿದು, ಧೂಳೆಬ್ಬಿಸಿಕೊಂಡು, ಅರಚಿಕೊಳ್ಳುತ್ತಾ ತೋಟದೊಳಗೆ ನುಗ್ಗಿತು.